ಅರಳುಮರಳಿಗೆ ಅರವತ್ತು ಮಾತ್ರೆ

ಮಾರ್ಚ್ ಬಂತೆಂದರೆ ಮೆಡಿಕಲ್ ಶಾಪಿನ ಗಾಜಿನ ಕಪಾಟು ವೇಷ ಬದಲಿಸುತ್ತದೆ. ಚಳಿಗಾಲವಿಡೀ ಕೆಮ್ಮಿನ ಸಿರಪ್ಪು ಕೂತಿದ್ದ ಜಾಗಕ್ಕೆ ಮಿದುಳಿನ ಚಿತ್ರವಿರುವ ಡಬ್ಬಿಗಳು ಬರುತ್ತವೆ. ಒಂದು ಮಿದುಳು ಕನ್ನಡಕ ಹಾಕಿಕೊಂಡಿರುತ್ತದೆ, ಇನ್ನೊಂದು ತೋಳು ಮಡಚಿ ಗರಡಿ ಪೈಲ್ವಾನನ ಹಾಗೆ ನಿಂತಿರುತ್ತದೆ. ಎಸ್ಸೆಸ್ಸೆಲ್ಸಿಗೆ ಹತ್ತು ದಿನವಿದೆ ಎನ್ನುವಾಗ ತಾಯಿಯ ಪ್ರವೇಶ.

“ಅಣ್ಣಾ, ನೆನಪಿನ ಶಕ್ತಿಗೆ ಏನಾದ್ರೂ ಒಳ್ಳೇದು ಕೊಡಿ.”

“ಯಾರಿಗೆ ಅಕ್ಕಾ?”

“ಮಗನಿಗೆ. ಓದಿದ್ದು ತಲೇಲಿ ನಿಲ್ತಾನೇ ಇಲ್ಲ.”

ಓದಿದ್ದಾನೋ ಇಲ್ಲವೋ ಎಂದು ಕೇಳುವುದು ಅಂಗಡಿಯವನ ಕೆಲಸವಲ್ಲ. ಬ್ರಾಹ್ಮಿ ಇರುವ ಅರವತ್ತು ಕ್ಯಾಪ್ಸೂಲಿನ ಡಬ್ಬಿಯೊಂದು ಕೌಂಟರಿಗೆ ಇಳಿಯುತ್ತದೆ.

ಬ್ರಾಹ್ಮಿಯನ್ನು ಪೂರಾ ಹಂಗಿಸುವಂತಿಲ್ಲ. ಅದರ ಮೇಲೆ ನಡೆದ ಕೆಲವು ಪ್ರಯೋಗಗಳಲ್ಲಿ ಒಂದಿಷ್ಟು ಗುಣ ಕಂಡದ್ದುಂಟು. ಆದರೆ ಆ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 300 ಮಿಲಿಗ್ರಾಂ ಸಾರವನ್ನು 12 ವಾರ ಕೊಟ್ಟಿರುತ್ತಾರೆ. ಮಾರ್ಚ್ ಮೊದಲ ವಾರ ಶುರು ಮಾಡಿದರೆ ಹನ್ನೆರಡು ವಾರ ಮುಗಿಯುವುದು ಮೇ ಕೊನೆಗೆ. ಅಂದರೆ ನೆನಪಿನ ಶಕ್ತಿ, ಬಂದರೆ, ಪರೀಕ್ಷೆ ಮುಗಿದು, ಫಲಿತಾಂಶವೂ ಬಂದು, ಹುಡುಗ ಮಾವಿನ ಮರದಲ್ಲಿರುವಾಗ ಬರುತ್ತದೆ. ಅದಕ್ಕಿಂತ ಮೊದಲು ಬರುವುದು ಹೊಟ್ಟೆನೋವು. ಬರಿಹೊಟ್ಟೆಗೆ ನುಂಗಿದರೆ ಬ್ರಾಹ್ಮಿ ಓಕರಿಕೆ ತರಿಸಬಹುದು, ಪದೇಪದೇ ಬಯಲಿಗೆ ಕಳಿಸಬಹುದು. ಗಣಿತ ಪರೀಕ್ಷೆಯ ಮೂರು ಗಂಟೆಯಲ್ಲಿ ನಾಲ್ಕು ಸಲ ಎದ್ದು ಹೋಗುವ ಹುಡುಗನನ್ನು ಮೇಲ್ವಿಚಾರಕರು ನೋಡುವ ನೋಟ ಎಂಥದ್ದು ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅದು ಯಾವ ಬ್ರಾಹ್ಮಿ? ನಮ್ಮಲ್ಲಿ ಅನೇಕರು ಬ್ರಾಹ್ಮಿ ಎನ್ನುವುದು ಒಂದೆಲಗಕ್ಕೆ, ತುಳುವರ ತಿಮರೆಗೆ. ಪ್ರಯೋಗಗಳಲ್ಲಿ ಬಳಸಿದ್ದು ಗದ್ದೆಯಂಚಿನ ನೀರುಬ್ರಾಹ್ಮಿಯನ್ನು. ಎರಡೂ ಬೇರೆ ಬೇರೆ ಗಿಡ, ಬೇರೆ ಬೇರೆ ಕುಟುಂಬ. ಡಬ್ಬಿಯ ಮೇಲಿನ ಚಿತ್ರದಲ್ಲಿ ಒಂದೆಲಗ, ಒಳಗೆ ನೀರುಬ್ರಾಹ್ಮಿ, ಪ್ರಮಾಣ ನೋಡಿದರೆ ಎರಡೂ ಇಲ್ಲದಷ್ಟು ಎಂಬ ಡಬ್ಬಿಗಳೂ ಸಿಗುತ್ತವೆ. ಒಂದೆಲಗವೇ ಬೇಕೆಂದಿದ್ದರೆ ಹಿತ್ತಲ ಬಚ್ಚಲ ನೀರು ಹರಿಯುವ ಕಡೆ ಪುಕ್ಕಟೆ ಹಬ್ಬಿರುತ್ತದೆ. ಒಂದು ಹಿಡಿ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಕುದಿಸಬಾರದು, ಒಡೆಯುತ್ತದೆ. ಇದರಿಂದ ಅಂಕ ಬರುತ್ತದೆಂದು ಯಾವ ಅಜ್ಜಿಯೂ ಬರೆದುಕೊಟ್ಟಿಲ್ಲ. ಅನ್ನ ಮಾತ್ರ ಎರಡು ತುತ್ತು ಹೆಚ್ಚು ಹೋಗುತ್ತದೆ.

ಡಬ್ಬಿಯ ಮಾತಿಗೆ ಬರೋಣ. ನಮ್ಮ ದೇಶದ 1945ರ ಔಷಧ ನಿಯಮಾವಳಿಯಲ್ಲಿ ಶೆಡ್ಯೂಲ್ ಜೆ ಎಂಬ ಪಟ್ಟಿಯೊಂದಿದೆ. ಯಾವ ಔಷಧವೂ ಗುಣಪಡಿಸುತ್ತೇನೆ, ಮಾಡಿಕೊಡುತ್ತೇನೆ ಎಂದು ಹೇಳಿಕೊಳ್ಳಬಾರದ ಸಂಗತಿಗಳ ಪಟ್ಟಿ ಅದು. ಬೋಳುತಲೆ, ಮೈಬಣ್ಣ, ಎತ್ತರಗಳ ಜೊತೆ ಅದರಲ್ಲಿ ‘ಮಿದುಳಿನ ಸಾಮರ್ಥ್ಯ ಹೆಚ್ಚಿಸುವುದು, ನೆನಪಿನ ಶಕ್ತಿ ಸುಧಾರಿಸುವುದು’ ಕೂಡ ಸೇರಿದೆ. ಔಷಧ ಹೀಗೆ ಹೇಳುವಂತಿಲ್ಲ ಅಂದಮೇಲೆ ಏನು ಮಾಡಬೇಕು? ಔಷಧವಾಗಿರುವುದನ್ನೇ ಬಿಟ್ಟುಬಿಡಬೇಕು! ಹಾಗಾಗಿ ಮಾತ್ರೆ ರಾತ್ರೋರಾತ್ರಿ ‘ಆಹಾರ’ವಾಯಿತು. ಹಿಂಬದಿಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ‘ಔಷಧವಾಗಿ ಬಳಸಲು ಅಲ್ಲ, ಯಾವ ರೋಗವನ್ನೂ ಪತ್ತೆಹಚ್ಚಲು, ಗುಣಪಡಿಸಲು, ತಡೆಯಲು ಅಲ್ಲ’ ಎಂದು ಬರೆದರಾಯಿತು. ಮುಂಬದಿಯಲ್ಲಿ ಕುಂಬಳಕಾಯಿ ಗಾತ್ರದಲ್ಲಿ ‘ಏಕಾಗ್ರತೆಗೆ ಸಹಕಾರಿ’.

ಸಹಕಾರಿ! ಕನ್ನಡದಲ್ಲಿ ಇಷ್ಟು ಸುರಕ್ಷಿತವಾದ ಪದ ಇನ್ನೊಂದಿಲ್ಲ. ಮನೆ ಬದಲಿಸುವ ದಿನ ಸಹಕರಿಸಲು ಬರುವ ಭಾವಮೈದುನನ ಹಾಗೆ. ಬೀರು ಹೊರುವವರು ಹಮಾಲರು, ಆತ ಪಕ್ಕದಲ್ಲಿ ನಿಂತು “ಹುಷಾರು, ಹುಷಾರು” ಎನ್ನುತ್ತಾನೆ. ಸಂಜೆ ಊಟಕ್ಕೆ ಮೊದಲ ಎಲೆ ಅವನದೇ.

ಒಂದು ಕ್ಯಾಪ್ಸೂಲನ್ನು ಬಿಡಿಸಿ ಲೆಕ್ಕ ಹಾಕೋಣ. ಮಾಮೂಲು ಗಾತ್ರದ್ದರಲ್ಲಿ ಸುಮಾರು 500 ಮಿಲಿಗ್ರಾಂ ಪುಡಿ ಹಿಡಿಸುತ್ತದೆ. ಲೇಬಲ್ಲಿನಲ್ಲಿ ಬ್ರಾಹ್ಮಿ, ಶಂಖಪುಷ್ಪಿ, ಅಶ್ವಗಂಧ, ಗಿಂಕ್ಗೊ ಎಂದು ಶುರುವಾಗಿ ಹದಿನೆಂಟು ಹೆಸರು. ಸಮಪಾಲು ಹಂಚಿದರೆ ತಲೆಗೆ 28 ಮಿಲಿಗ್ರಾಂ ಕೂಡ ಇಲ್ಲ. ಬ್ರಾಹ್ಮಿಯ 300 ಮಿಲಿಗ್ರಾಂ ತಲುಪಬೇಕೆಂದರೆ ದಿನಕ್ಕೆ ಹನ್ನೊಂದು ಕ್ಯಾಪ್ಸೂಲ್ ನುಂಗಬೇಕು, ಅರವತ್ತರ ಡಬ್ಬಿ ಆರನೇ ದಿನಕ್ಕೆ ಖಾಲಿ. ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಹದಿನೆಂಟು ಸಂಸಾರ ಇಟ್ಟಂತೆ ಇದು. ಬಾಗಿಲ ಮೇಲೆ ಎಲ್ಲರ ಹೆಸರಿನ ಬೋರ್ಡಿದೆ, ಮಲಗಲು ಯಾರಿಗೂ ಜಾಗವಿಲ್ಲ. ಅಂದಹಾಗೆ ಆ ಗಿಂಕ್ಗೊ ಎಂಬ ಮರದೆಲೆಯ ಸಾರ: ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ವೃದ್ಧರಿಗೆ ದಿನಕ್ಕೆರಡು ಸಲ 120 ಮಿಲಿಗ್ರಾಂನಂತೆ ವರ್ಷಗಟ್ಟಲೆ ಕೊಟ್ಟು ನೋಡಿ, ಮರೆಗುಳಿತನ ತಡೆಯಲಿಲ್ಲ ಎಂದು 2008ರಲ್ಲೇ ಪ್ರಕಟಿಸಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ಅದು ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಆ ವಿಷಯದಲ್ಲಿ ಮಾತ್ರ ಗಿಂಕ್ಗೊ ನಿಜವಾಗಿಯೂ ಸಹಕಾರಿ.

ಹೊಟ್ಟೆಗೆ ಹೋದದ್ದೆಲ್ಲ ಮಿದುಳಿಗೆ ಹೋಗುತ್ತದೆಂಬ ನಂಬಿಕೆಯೂ ಒಂದು ವಿಚಿತ್ರ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಗೋಡೆಯಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನಿಗಿಂತ ಖಡಕ್ಕು. ಗ್ಲೂಕೋಸಿಗೆ ಪಾಸ್ ಇದೆ, ಒಳಗೆ ಬಿಡುತ್ತಾನೆ. ‘ಮನಸ್ಸು ಶಾಂತವಾಗಲು’ ಎಂದು ಮಾರುವ ಗಾಬಾ ಎಂಬ ರಾಸಾಯನಿಕ ಬಂದರೆ “ಯಾವ ಫ್ಲ್ಯಾಟು, ಯಾರು ಕಳಿಸಿದ್ದು” ಎಂದು ಬಹುಮಟ್ಟಿಗೆ ಗೇಟಿನಲ್ಲೇ ನಿಲ್ಲಿಸುತ್ತಾನೆ. ಅಮೆರಿಕದಲ್ಲಿ ಜೆಲ್ಲಿಮೀನಿನ ಪ್ರೋಟೀನನ್ನು ನೆನಪಿನ ಶಕ್ತಿಗೆಂದು ಮಾರಿದರು. ಪ್ರೋಟೀನು ಹೊಟ್ಟೆಯಲ್ಲಿ ಬೇಳೆಯ ಹಾಗೇ ಜೀರ್ಣವಾಗುತ್ತದೆ, ಅದಿರಲಿ. 2017ರಲ್ಲಿ ಅಲ್ಲಿನ ಸರ್ಕಾರವೇ ಕೋರ್ಟಿಗೆ ಹೋಯಿತು, 2024ರ ಕೊನೆಗೆ ಆ ಜಾಹೀರಾತು ನಿಲ್ಲಿಸಲು ಆದೇಶವಾಯಿತು. ಜೆಲ್ಲಿಮೀನಿಗೆ ಮಿದುಳೇ ಇಲ್ಲ ಎಂಬ ಸಣ್ಣ ಸಂಗತಿ ಏಳು ವರ್ಷ ಯಾರ ನೆನಪಿಗೂ ಬಂದಂತಿಲ್ಲ. ಬೆಂಡೆಕಾಯಿ ತಿಂದರೆ ಲೆಕ್ಕ ಬರುತ್ತದೆಂದು ನಂಬಿದ ನಾವು ನಗುವಂತಿಲ್ಲ, ಬಿಡಿ. ಆದರೆ ನಮ್ಮ ಬೆಂಡೆಕಾಯಿ ಪಲ್ಯವಾಗಿ ಒದಗುತ್ತಿತ್ತು.

ಇದೆಲ್ಲಕ್ಕಿಂತ ರಸವತ್ತಾದದ್ದು ಮೀನೆಣ್ಣೆ. ಡಬ್ಬಿಯ ಮುಂದೆ ‘ಒಮೆಗಾ-3, 1000 ಮಿ.ಗ್ರಾಂ’. ತಿರುಗಿಸಿ ನೋಡಿದರೆ ಸಾವಿರ ಎಂಬುದು ಎಣ್ಣೆಯ ತೂಕ. ಕೆಲಸಕ್ಕೆ ಬರುವ ಒಮೆಗಾ-3 ಕೊಬ್ಬುಗಳಾದ ಇಪಿಎ 180, ಡಿಎಚ್‌ಎ 120, ಒಟ್ಟು 300. ಉಳಿದ 700 ಬರೀ ಎಣ್ಣೆ, ಪಯಣಕ್ಕೆ ಜೊತೆ. ಬೇಸಿಗೆಯಲ್ಲಿ ಡೆಲಿವರಿ ವ್ಯಾನಿನೊಳಗೆ ಮೂರು ದಿನ ಬೆಂದು ಬಂದಿದ್ದರೆ ಎಣ್ಣೆ ಕಮಟಿರುತ್ತದೆ. ಸೂಜಿಯಿಂದ ಒಂದನ್ನು ಚುಚ್ಚಿ ಮೂಸಿದರೆ ತಿಳಿಯುತ್ತದೆ. ಯಾರೂ ಚುಚ್ಚುವುದಿಲ್ಲ, ಏಕೆಂದರೆ ಮೂಸಿದರೆ ಅದು ಮೀನೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಹೌದು, ಈರುಳ್ಳಿಯೂ ಒಳಗೆ ಬಾರದ ಮನೆಗಳಿಗೆ ಈ ಡಬ್ಬಿ ಹೊಸ್ತಿಲು ದಾಟಿ ಬಂದಿದೆ. ಡಬ್ಬಿಯ ಮೂಲೆಯಲ್ಲಿ ಮಾಂಸಾಹಾರದ ಗುರುತಾದ ಕಂದು ತ್ರಿಕೋನವಿರುತ್ತದೆ, ಹೊರಗಿನ ಮೆತ್ತನೆಯ ಕವಚ ಎಲುಬು-ಚರ್ಮ ಕುದಿಸಿ ತೆಗೆದ ಜೆಲಟಿನ್. ಆದರೂ ಕ್ಯಾಪ್ಸೂಲ್ ಆದದ್ದರಿಂದ ಅದಕ್ಕೆ ಮೈಲಿಗೆಯಿಲ್ಲ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಹೊರಟಾಗ ಎಷ್ಟು ಗಲಾಟೆಯಾಯಿತು! ಬೇಡವೆಂದವರಿಗೆ ಬಾಳೆಹಣ್ಣಿತ್ತು, ಆದರೂ ಪಕ್ಕದ ತಟ್ಟೆಯ ಮೊಟ್ಟೆ ಕಣ್ಣಿಗೆ ಚುಚ್ಚಿತು. ಒಂದು ಮೊಟ್ಟೆಯಲ್ಲಿ ನರಗಳ ಕೆಲಸಕ್ಕೆ ಬೇಕಾದ ಕೋಲಿನ್ ಸುಮಾರು 150 ಮಿಲಿಗ್ರಾಂ ಇದೆ, ವಿಟಮಿನ್ ಬಿ12 ಇದೆ, ಒಳ್ಳೆಯ ಪ್ರೋಟೀನಿದೆ. ತಪ್ಪೇನೆಂದರೆ ಅದು ಮೊಟ್ಟೆಯ ಆಕಾರದಲ್ಲಿದೆ.

ನಿಜಕ್ಕೂ ಸಸ್ಯಾಹಾರಿಯಾಗಿಯೇ ಇರಬೇಕೆಂದಿದ್ದರೆ ಪಾಚಿಯಿಂದ ತೆಗೆದ ಡಿಎಚ್‌ಎ ಸಿಗುತ್ತದೆ. ಮೀನಿಗೂ ಅದು ಬರುವುದು ಪಾಚಿಯಿಂದಲೇ. ಅಗಸಿ ಹಿಂಡಿಯಲ್ಲಿರುವುದು ಬೇರೆ ನಮೂನೆಯ ಒಮೆಗಾ-3, ದೇಹ ಅದರಲ್ಲಿ ತೀರಾ ಸ್ವಲ್ಪವನ್ನಷ್ಟೇ ಡಿಎಚ್‌ಎ ಮಾಡಿಕೊಳ್ಳುತ್ತದೆ. ಹಾಗೆಂದು ರೊಟ್ಟಿಯ ಜೊತೆ ಅಗಸಿ ಹಿಂಡಿ ಬಿಡಲು ಅದು ಕಾರಣವಲ್ಲ. ಮೀನು ತಿನ್ನುವವರಿಗೆ ಮಲ್ಪೆಯ ಭೂತಾಯಿ ಇದೆ, ನೂರು ಗ್ರಾಂ ಮೀನು ಹಲವು ಕ್ಯಾಪ್ಸೂಲಿಗೆ ಸಮ. ಜೊತೆಗೆ ಹುಳಿಮೆಣಸು.

ಈಗ ಅಡುಗೆಮನೆಯ ಉಪ್ಪಿನ ಡಬ್ಬಿ. ಮಿದುಳಿನ ಬೆಳವಣಿಗೆಗೆ ಅಯೋಡಿನ್ ಬೇಕೇಬೇಕು. ಬಸುರಿಗೆ ಅದು ತೀರಾ ಕಡಿಮೆಯಾದರೆ ಹುಟ್ಟುವ ಮಗುವಿನ ಬುದ್ಧಿ ಜನ್ಮಪೂರ್ತಿ ಕುಂಠಿತವಾಗಬಹುದು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿಗೆ 250. ಹಿಮಾಲಯದ ತಪ್ಪಲಿನಲ್ಲಿ ಮಣ್ಣಿನ ಅಯೋಡಿನ್ ಮಳೆಗೆ ಕೊಚ್ಚಿಹೋಗಿ ಊರಿಗೂರೇ ಕತ್ತು ಊದುವ ಗಳಗಂಡ ಹೊತ್ತು ತಿರುಗುತ್ತಿತ್ತು. 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಸೇರಿಸಿದ ಉಪ್ಪು ಹಂಚಿ, ಗಳಗಂಡ ಇಳಿಯುವುದನ್ನು ತೋರಿಸಿದರು. ಆಮೇಲೆ ದೇಶಕ್ಕೆಲ್ಲ ಅದೇ ಉಪ್ಪು ಬಂತು. ಮನೆ ಮುಟ್ಟುವ ಹೊತ್ತಿಗೆ ಕೆಜಿಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ.

ಈಗ ನಾವೇನು ಮಾಡುತ್ತಿದ್ದೇವೆ? ‘ಕೆಮಿಕಲ್ ಉಪ್ಪು ಬೇಡ’ ಎಂದು ಅದನ್ನು ಬಿಟ್ಟು, ಅದರ ಹಲವು ಪಟ್ಟು ಬೆಲೆ ಕೊಟ್ಟು ಗುಲಾಬಿ ಬಣ್ಣದ ‘ಹಿಮಾಲಯನ್’ ಕಲ್ಲುಪ್ಪು ತರುತ್ತಿದ್ದೇವೆ. ಹಿಮಾಲಯದವರು ಯಾವುದಿಲ್ಲದೆ ಕಷ್ಟಪಟ್ಟರೋ ಅದೇ ಇಲ್ಲದ ಉಪ್ಪನ್ನು ಹಿಮಾಲಯದ ಹೆಸರಿನಲ್ಲಿ ಕೊಳ್ಳುವ ಚಾತುರ್ಯ ನಮ್ಮದು! ಅಷ್ಟಾಗಿ ಅದನ್ನು ಅಗೆದು ತೆಗೆಯುವುದು ಮುಖ್ಯವಾಗಿ ಪಾಕಿಸ್ತಾನದ ಖೇವ್ರಾ ಗಣಿಯಲ್ಲಿ. ಅದೇ ಮನೆಯ ಶೆಲ್ಫಿನಲ್ಲಿ, ಗುಲಾಬಿ ಉಪ್ಪಿನ ಪಕ್ಕದಲ್ಲೇ, ಕನ್ನಡಕ ಹಾಕಿದ ಮಿದುಳಿನ ಡಬ್ಬಿ. ಪುಡಿ ಉಪ್ಪನ್ನೇ ಬಳಸುವವರಲ್ಲೂ ಕೆಲವರು ಅದನ್ನು ಮುಚ್ಚಳವಿಲ್ಲದೆ ಒಲೆಯ ಪಕ್ಕ ಇಡುತ್ತಾರೆ. ಬಿಸಿಗೆ, ತೇವಕ್ಕೆ ಅಯೋಡಿನ್ ನಷ್ಟವಾಗುತ್ತದೆ. ಸಾರು ಇಳಿಸುವ ಹೊತ್ತಿಗೆ ಉಪ್ಪು ಹಾಕಿ, ಡಬ್ಬಿ ಮುಚ್ಚಿಟ್ಟರೆ ಖರ್ಚು ಸೊನ್ನೆ. ಖರ್ಚಿಲ್ಲದ್ದರಲ್ಲಿ ನಂಬಿಕೆ ಹುಟ್ಟುವುದಾದರೂ ಹೇಗೆ?

ಪುಕ್ಕಟೆ ಎಂದರೆ ನೀಲಿ ಮಾತ್ರೆ ನೆನಪಾಯಿತು. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ಕೊಡುತ್ತಾರೆ. ಕಬ್ಬಿಣ 60 ಮಿಲಿಗ್ರಾಂ, ಫೋಲಿಕ್ ಆಸಿಡ್ 500 ಮೈಕ್ರೋಗ್ರಾಂ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ 67 ಶೇಕಡಾ, ಹೆಂಗಸರಲ್ಲಿ 57 ಶೇಕಡಾ ರಕ್ತಹೀನರು. ಕಬ್ಬಿಣ ಕಡಿಮೆಯಾದ ಮಗುವಿಗೆ ಗಮನ ನಿಲ್ಲುವುದಿಲ್ಲ, ಕೂತಲ್ಲೇ ಸುಸ್ತು. ಅದಕ್ಕೇ ಮನೆಯಲ್ಲಿ ‘ಸೋಮಾರಿ’ ಎಂಬ ಬಿರುದು. ಆದರೆ ನೀಲಿ ಮಾತ್ರೆ ನುಂಗಿದ ಮರುದಿನ ಮಲ ಕಪ್ಪಾಗುತ್ತದೆ. ಕಬ್ಬಿಣ ತಿಂದರೆ ಕಪ್ಪಾಗುವುದೇ, ಗಾಬರಿ ಬೇಕಿಲ್ಲ. ಆದರೂ ಊರೆಲ್ಲ ಸುದ್ದಿಯಾಗಿ, “ಸರ್ಕಾರದ ಮಾತ್ರೆ ನುಂಗಬೇಡ, ನಾಲಿಗೆ ಕೆಳಗಿಟ್ಕೊಂಡು ಬಂದು ಉಗಿ” ಎಂದು ಮಗಳಿಗೆ ಮನೆಯಲ್ಲೇ ತರಬೇತಿಯಾಗುತ್ತದೆ. ಊಟವಾದ ಮೇಲೆ, ನಿಂಬೆಹುಳಿ ಅಥವಾ ನೆಲ್ಲಿಕಾಯಿಯ ಜೊತೆ ಕೊಟ್ಟು, ಮುಂದೆ ಒಂದೆರಡು ಗಂಟೆ ಟೀ-ಕಾಫಿ ಮುಟ್ಟಿಸದಿದ್ದರೆ ಓಕರಿಕೆಯೂ ಕಡಿಮೆ, ಕಬ್ಬಿಣವೂ ಚೆನ್ನಾಗಿ ಹಿಡಿಯುತ್ತದೆ. ನೀಲಿ ಮಾತ್ರೆಯ ಏಕೈಕ ದೋಷ ಅದಕ್ಕೆ ಎಮ್ಮಾರ್ಪಿ ಇಲ್ಲದಿರುವುದು.

ಇಷ್ಟೆಲ್ಲ ಗದ್ದಲದಲ್ಲಿ, ನಡುಮನೆಯ ಮೂಲೆಯಲ್ಲಿ ಕೂತ ಅಜ್ಜನತ್ತ ಯಾರೂ ನೋಡುವುದಿಲ್ಲ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಜೊತೆಗೆ ಗ್ಯಾಸಿಗೆಂದು ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್. ಎರಡೂ ದೇಹ ಬಿ12 ಹೀರಿಕೊಳ್ಳುವುದಕ್ಕೆ ಅಡ್ಡ ಬರುತ್ತವೆ. ಅಪ್ಪಟ ಸಸ್ಯಾಹಾರಿ. ಬಿ12 ಸಿಗುವುದಿದ್ದರೆ ಹಾಲು-ಮೊಸರಿನಿಂದ ಮಾತ್ರ, ದಿನದ 2.2 ಮೈಕ್ರೋಗ್ರಾಂಗೆ ಹೆಚ್ಚುಕಡಿಮೆ ಅರ್ಧ ಲೀಟರ್ ಹಾಲು ಬೇಕು. ಅಜ್ಜನಿಗೆ ಸಿಗುವುದು ಕಾಫಿಗೆ ತೋರಿಸಿದಷ್ಟು. ಪಾದ ಜೋಮು, ನಡೆದರೆ ಹತ್ತಿಯ ಮೇಲೆ ಕಾಲಿಟ್ಟಂತೆ, ಹೇಳಿದ್ದನ್ನೇ ಮತ್ತೆ ಹೇಳುವುದು. ಮನೆಯವರ ರೋಗನಿರ್ಣಯ ಸಿದ್ಧವಿದೆ: ಅರವತ್ತಕ್ಕೆ ಅರಳುಮರಳು.

ಬಿ12ರ ಒಂದು ರಕ್ತಪರೀಕ್ಷೆ ಸಾಕು. ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಆದರೆ ಪರೀಕ್ಷೆಗೆ ನಾಲ್ಕು ದಿನ ಮುಂಚೆ ಸೊಸೆ “ಶಕ್ತಿ ಬರ್ಲಿ ಮಾವಾ” ಎಂದು ಮಲ್ಟಿವಿಟಮಿನ್ ನುಂಗಿಸಿದರೆ ಅಂಕೆ ಚೆನ್ನಾಗಿ ಕಾಣುತ್ತದೆ, ಕಾಪಿ ಹೊಡೆದು ಪಾಸಾದ ಹಾಗೆ. ಬರೀ ಫೋಲಿಕ್ ಆಸಿಡ್ ಕೊಟ್ಟರೆ ಇನ್ನೂ ಅಪಾಯ. ರಕ್ತದ ರಿಪೋರ್ಟು ಸರಿಹೋಗುತ್ತದೆ, ಒಳಗೆ ನರ ಹಾಳಾಗುವುದು ನಡೆದೇ ಇರುತ್ತದೆ. ಪಕ್ಕದ ಮನೆಯವರು ಕೊಟ್ಟ 60,000 ಯೂನಿಟ್ಟಿನ ವಿಟಮಿನ್ ಡಿ ಪೊಟ್ಟಣವನ್ನು ವಾರಕ್ಕೊಂದರ ಬದಲು ದಿನಕ್ಕೊಂದು ಕುಡಿಸಿದರೆ, ಕೆಲವು ತಿಂಗಳಲ್ಲಿ ಕ್ಯಾಲ್ಸಿಯಂ ಏರಿ ಅಜ್ಜನಿಗೆ ನಿಜವಾದ ಅರಳುಮರಳೇ ಬರುತ್ತದೆ.

ಬಿ12 ಕೊರತೆಯೆಂದು ಖಚಿತವಾದರೆ ಡಾಕ್ಟರು ಇಂಜೆಕ್ಷನ್ನೋ 1500 ಮೈಕ್ರೋಗ್ರಾಂನ ಮಾತ್ರೆಯೋ ಬರೆಯುತ್ತಾರೆ. ಬೇಕಿರುವುದು 2.2, ಮಾತ್ರೆಯಲ್ಲಿ 1500 ಏಕೆಂದರೆ ಅಷ್ಟು ದೊಡ್ಡ ಪ್ರಮಾಣದಲ್ಲಿ ದೇಹ ಹೀರುವುದು ನೂರಕ್ಕೊಂದು ಪಾಲಿನಷ್ಟು. ಈ ಮಾತ್ರೆಯ ಪಟ್ಟಿಯ ಮೇಲೆ ಮಿದುಳಿನ ಚಿತ್ರವಿಲ್ಲ, ಕನ್ನಡಕವಿಲ್ಲ, ಬೆಲೆಯೂ ಅಂಥದ್ದೇನಲ್ಲ. ಆದರೆ ಕೊರತೆಯಿದ್ದ ಕಡೆ ಕೆಲಸ ಮಾಡುತ್ತದೆ. ಮನೆಯವರು ಕೊಡಿಸುವ ಮೊದಲು ಒಮ್ಮೆ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಅಜ್ಜನಿಗೆ ನೆನಪು ಮರಳಿತೆಂದರೆ, ಮೊದಲು ನೆನಪಾಗುವುದು ತೋಟ ಮಾರಿದ ದುಡ್ಡಿನಲ್ಲಿ ಯಾವ ಮಗನಿಗೆ ಎಷ್ಟು ಕೈಸಾಲ ಕೊಟ್ಟಿದ್ದೆ ಎಂಬುದು.