ಬಾವಿಯ ಪ್ರಶ್ನೆ ಕೇಳಿದರೆ ಟ್ಯಾಂಕಿನ ಬೇಡಿಕೆ ಎಂದು ಬರೆದುಕೊಂಡರು

ನಿನ್ನೆ ಒಂದು ಗಣಿ ಯೋಜನೆಯ ಸಾರ್ವಜನಿಕ ಆಲಿಕೆ ಸಭೆಯಲ್ಲಿ, ಅಂದರೆ ಅನುಮತಿ ಕೊಡುವ ಮುಂಚೆ ಜನರ ಮಾತು ಕೇಳಲು ಕರೆಯುವ ಸಭೆಯಲ್ಲಿ, ಕುಳಿತಿದ್ದೆ. ಮನೆಗೆ ಬಂದ ಮೇಲೂ ಸಿಟ್ಟು ಇಳಿದಿಲ್ಲ. ಇಳಿಯುವವರೆಗೆ ಕಾಯುವುದು ಬೇಡವೆನಿಸಿ ಈಗಲೇ ಬರೆಯುತ್ತಿದ್ದೇನೆ. ಉದ್ದವಾಗಿದೆ, ತಾಳ್ಮೆಯಿಂದ ಓದಿ.

ಮೊದಲ ಒಂದು ಗಂಟೆ ಸ್ವಾಗತಕ್ಕೆ, ಪರಿಚಯಕ್ಕೆ, ಕಂಪನಿಯ ಪರವಾಗಿ ವರದಿ ಬರೆದ ಸಲಹೆಗಾರರ ವಿವರಣೆಗೆ ಹೋಯಿತು. ಅಂಕಿಗಳ ಕೋಷ್ಟಕಗಳು ಪರದೆಯ ಮೇಲೆ ಬಂದಷ್ಟೇ ಬೇಗ ಸರಿದುಹೋದವು. ಗಿಡ ನೆಡುವ ಯೋಜನೆಯ ಬಣ್ಣದ ಚಿತ್ರ ಮಾತ್ರ ಬಹಳ ಹೊತ್ತು ನಿಂತಿತು. ಆಮೇಲೆ ಜನರ ಸರದಿ. ಎಪ್ಪತ್ತು ದಾಟಿರಬಹುದಾದ ಒಬ್ಬ ಅಜ್ಜಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು: "ಸ್ವಾಮಿ, ನಮ್ಮ ಬಾವಿಯಲ್ಲಿ ನೀರು ಇರುವುದು ನಲವತ್ತು ಅಡಿಯಲ್ಲಿ. ನೀವು ಅದಕ್ಕಿಂತ ಕೆಳಗೆ ಅಗೆಯುತ್ತೀರಿ. ಆಗ ನೀರು ಎಲ್ಲಿ ನಿಲ್ಲುತ್ತದೆ? ನಮ್ಮ ಬಾವಿಯಲ್ಲೋ, ನಿಮ್ಮ ಗುಂಡಿಯಲ್ಲೋ?"

ಸಭೆ ಒಂದು ಕ್ಷಣ ಸುಮ್ಮನಾಯಿತು. ವೇದಿಕೆಯಿಂದ ಉತ್ತರ ಬಂತು: "ಚಿಂತೆ ಮಾಡಬೇಡಿ ಅಮ್ಮ, ಕಂಪನಿಯವರು ನಿಮ್ಮ ಊರಿಗೆ ದೊಡ್ಡ ನೀರಿನ ಟ್ಯಾಂಕ್ ಕಟ್ಟಿಸಿಕೊಡುತ್ತಾರೆ." ಅಜ್ಜಿ, "ನಾನು ಟ್ಯಾಂಕ್ ಕೇಳಲಿಲ್ಲ ಸ್ವಾಮಿ" ಎಂದರು. ಅಷ್ಟರಲ್ಲಿ ಮೈಕು ಮುಂದಿನವರ ಕೈಗೆ ಹೋಗಿತ್ತು.

ಸಭೆಯ ಕೊನೆಗೆ ನಡಾವಳಿಯ ಸಾರಾಂಶ ಓದಿದರು. ಕಿವಿಗೊಟ್ಟು ಕೇಳಿದೆ. ಅಜ್ಜಿಯ ಪ್ರಶ್ನೆ ಅದರಲ್ಲಿ ಹೀಗಿತ್ತು: "ಗ್ರಾಮಸ್ಥರು ನೀರಿನ ಟ್ಯಾಂಕ್ ಒದಗಿಸುವಂತೆ ಕೋರಿದರು. ಯೋಜನಾ ಪ್ರತಿಪಾದಕರು ಒಪ್ಪಿರುತ್ತಾರೆ."

ನನ್ನ ಸಿಟ್ಟು ಇರುವುದು ಈ ಎರಡು ವಾಕ್ಯಗಳ ಮೇಲೆ. ಗಣಿ ಬೇಕೋ ಬೇಡವೋ ಎಂಬ ದೊಡ್ಡ ವಾದ ಬೇರೆ. ಅದನ್ನು ಇಲ್ಲಿ ತರುವುದಿಲ್ಲ. ಒಬ್ಬ ಹೆಂಗಸು ತನ್ನ ಬಾಳಿನ ಅನುಭವವನ್ನೆಲ್ಲ ಸೇರಿಸಿ ಒಂದು ಪ್ರಶ್ನೆ ಕೇಳಿದರು. ಕಾಗದಕ್ಕೆ ಇಳಿಯುವಷ್ಟರಲ್ಲಿ ಅದು ಬೇಡಿಕೆಯಾಯಿತು. ಪ್ರಶ್ನೆಗೆ ಉತ್ತರ ಕೊಡಬೇಕು. ಬೇಡಿಕೆಯನ್ನಾದರೆ ಈಡೇರಿಸಿ ಕೈತೊಳೆದುಕೊಳ್ಳಬಹುದು. ಅನುಮತಿ ಕೊಡಬಹುದೇ ಎಂದು ಪರಿಶೀಲಿಸಲು ದೆಹಲಿಯಲ್ಲಿ ಕಡತ ತೆರೆಯುವ ತಜ್ಞರ ಸಮಿತಿಗೆ ಈ ಊರಿನಲ್ಲಿ ಅಂತರ್ಜಲದ ಆತಂಕವಿತ್ತು ಎಂಬುದೇ ಕಾಣುವುದಿಲ್ಲ. ಟ್ಯಾಂಕ್ ಕೇಳಿದರು, ಕೊಟ್ಟರು ಎಂದಷ್ಟೇ ಕಾಣುತ್ತದೆ.

ಆ ಪ್ರಶ್ನೆ ಎಷ್ಟು ನಿಖರವಾಗಿತ್ತು ನೋಡಿ. ಗಣಿಯಿಂದ ನೆಲ, ನೀರು, ಗಾಳಿಗೆ ಏನಾಗಬಹುದು ಎಂದು ಮೊದಲೇ ಲೆಕ್ಕಹಾಕುವ ಪರಿಸರ ಪರಿಣಾಮ ಅಂದಾಜು ವರದಿಗೆ ಕೇಂದ್ರ ಪರಿಸರ ಸಚಿವಾಲಯವೇ ಒಂದು ಪ್ರಮಾಣಿತ ಪರಿಶೀಲನಾ ಅಂಶಗಳ ಪಟ್ಟಿ ಕೊಡುತ್ತದೆ. ಅಗೆತ ಅಂತರ್ಜಲ ಮಟ್ಟವನ್ನು ಮುಟ್ಟುತ್ತದೆಯೇ ಎಂಬುದನ್ನು ನಿಜವಾಗಿ ಅಳೆದ ಮಾಹಿತಿಯ ಆಧಾರದ ಮೇಲೆ ತೋರಿಸಬೇಕು, ಮುಟ್ಟುವುದಾದರೆ ವಿವರವಾದ ಭೂಜಲ ಅಧ್ಯಯನ ಮಾಡಿಸಿ ವರದಿ ಕೊಡಬೇಕು ಎಂದು ಆ ಪಟ್ಟಿಯಲ್ಲಿದೆ. ಅಜ್ಜಿ ಕೇಳಿದ್ದೂ ಅದನ್ನೇ. ಆ ಪಟ್ಟಿಯನ್ನು ಅವರು ಓದಿರಲಾರರು. ಐವತ್ತು ವರ್ಷ ಬಾವಿಯಿಂದ ನೀರು ಸೇದಿದವರಿಗೆ ಅದನ್ನು ಓದಬೇಕಾಗಿಯೂ ಇಲ್ಲ.

ಗುಂಡಿ ನೀರಿನ ಮಟ್ಟಕ್ಕಿಂತ ಕೆಳಗಿಳಿದರೆ ಸುತ್ತಲಿನ ನೀರು ಅದರೊಳಗೆ ಜಿನುಗುತ್ತದೆ. ಕೆಲಸ ನಡೆಯಬೇಕಾದರೆ ಆ ನೀರನ್ನು ಹಗಲೂ ರಾತ್ರಿ ಪಂಪು ಮಾಡಿ ಹೊರಹಾಕಬೇಕು. ಹಾಗೆ ಮಾಡಿದಂತೆಲ್ಲ ಸುತ್ತಲಿನ ನೆಲದೊಳಗಿನ ನೀರಿನ ಮಟ್ಟ ಗುಂಡಿಯ ಕಡೆಗೆ ಬೋಗುಣಿಯಂತೆ ಇಳಿಜಾರಾಗುತ್ತದೆ. ಆಳವಿಲ್ಲದ ತೆರೆದ ಬಾವಿಗಳು ಮೊದಲು ಬತ್ತುತ್ತವೆ, ನಂತರ ಕೊಳವೆಬಾವಿಗಳ ಸರದಿ. ಎಷ್ಟು ದೂರದವರೆಗೆ ಎಂಬುದು ಅಲ್ಲಿನ ಬಂಡೆ, ಬಿರುಕು, ಮಣ್ಣನ್ನು ಅವಲಂಬಿಸಿದೆ. ಅದನ್ನು ಹೇಳಲಿಕ್ಕೇ ಅಧ್ಯಯನ ಬೇಕು. ಟ್ಯಾಂಕು ಈ ಪ್ರಶ್ನೆಗೆ ಉತ್ತರವಲ್ಲ. ಬಾವಿ ಬತ್ತಿದರೆ ಆ ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆ?

ಪ್ರಶ್ನೆ ಏಕೆ ಬೇಡಿಕೆಯಾಗುತ್ತದೆ ಎಂದು ರಾತ್ರಿಯೆಲ್ಲ ಯೋಚಿಸಿದೆ. ಒಂದು ಕಾರಣ ನಿಯಮದಲ್ಲೇ ಇದೆ. ಸಭೆಯಲ್ಲಿ ಎದ್ದ ವಿಷಯಗಳಿಗೆ ಕಂಪನಿ ಕೊಡುವ ಭರವಸೆಗಳನ್ನು ತಜ್ಞರ ಸಮಿತಿ ಪರಿಶೀಲಿಸಿ ಪರಿಸರ ನಿರ್ವಹಣಾ ಯೋಜನೆಯೊಳಗೆ ಸೇರಿಸಬೇಕು ಎಂದು 2020ರ ಸೆಪ್ಟೆಂಬರ್‌ನಲ್ಲಿ ಸಚಿವಾಲಯ ಸುತ್ತೋಲೆ ಹೊರಡಿಸಿತು. ಉದ್ದೇಶ ಒಳ್ಳೆಯದೇ. ಆದರೆ ನಾನು ನಿನ್ನೆ ಕಂಡ ಸಭೆಯಲ್ಲಿ ಅದರಿಂದ ಆದದ್ದು ಬೇರೆ. ವೇದಿಕೆಯ ಮೇಲಿದ್ದವರು ಪ್ರತಿ ಮಾತಿನಲ್ಲೂ ಹಣ ಹಾಕಿ ಮುಗಿಸಬಹುದಾದ ಒಂದು ವಸ್ತುವನ್ನು ಹುಡುಕುತ್ತಿದ್ದರು. ಶಾಲೆಯ ಚಾವಣಿ, ರಸ್ತೆ, ಟ್ಯಾಂಕು. ಸ್ಫೋಟದ ಕಂಪನದಿಂದ ಗೋಡೆ ಬಿರುಕು ಬಿಡುವುದೇ ಎಂದು ಕೇಳಿದವರಿಗೂ ಸಮುದಾಯ ಭವನದ ಮಾತೇ ಉತ್ತರವಾಯಿತು.

ಈಗ ನಾನೊಂದು ವಿಷಯ ಹೇಳಲೇಬೇಕು. ಅನುವಾದ ನನ್ನ ಕಸುಬು ಎಂಬುದು ನಿಮಗೆ ಗೊತ್ತು. ಬಹಳ ವರ್ಷಗಳ ಹಿಂದೆ ಇಂಥದೇ ಒಂದು ವರದಿಯ ಕಾರ್ಯನಿರ್ವಾಹಕ ಸಾರಾಂಶವನ್ನು ಕನ್ನಡಕ್ಕೆ ತಂದುಕೊಟ್ಟವಳು ನಾನೇ. ಮೂಲ ವರದಿ ನೂರಾರು ಪುಟ. ನನಗೆ ಕೊಟ್ಟದ್ದು ಕೆಲವೇ ಪುಟ. ಅದರಲ್ಲಿ "ಅಂತರ್ಜಲದ ಮೇಲೆ ಗಣನೀಯ ಪರಿಣಾಮ ನಿರೀಕ್ಷಿತವಲ್ಲ" ಎಂಬ ವಾಕ್ಯವಿತ್ತು. ನಾನು ಪದಕ್ಕೆ ಪದ ಸರಿಯಾಗಿ ಬರೆದೆ. ಗಣನೀಯ ಎಂದರೆ ಎಷ್ಟು, ಯಾರ ಬಾವಿಗೆ ಗಣನೀಯ, ಎಲ್ಲಿ ಅಳೆದರು ಎಂದು ಕೇಳಲಿಲ್ಲ. ಕೇಳುವುದು ನನ್ನ ಕೆಲಸವಲ್ಲ ಎಂದುಕೊಂಡೆ. ಆ ಪುಟಗಳನ್ನು ಕೈಯಲ್ಲಿ ಹಿಡಿದು ಸಭೆಗೆ ಬಂದ ಜನ, ತಮಗೆ ವಿಷಯ ತಿಳಿಸಲಾಗಿದೆ ಎಂದು ನಂಬಿರಬೇಕು. ನಿನ್ನೆ ಅಜ್ಜಿಯ ದನಿ ಕೇಳಿದಾಗ ನನಗೆ ನೆನಪಾದದ್ದು ಆ ವಾಕ್ಯ. ನಾಚಿಕೆಯಾಯಿತು. ಇನ್ನೂ ಆಗುತ್ತಿದೆ.

ನಿಯಮದ ಹಾಳೆಯಲ್ಲಿ ಕೊರತೆಯೇನೂ ಕಾಣುವುದಿಲ್ಲ. ಈ ದೇಶದಲ್ಲಿ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ ಮೊದಲು ಬಂದದ್ದು 1994ರಲ್ಲಿ, ಸಾರ್ವಜನಿಕ ಆಲಿಕೆ ಕಡ್ಡಾಯವಾದದ್ದು 1997ರಲ್ಲಿ. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ. ಸಭೆ ಏರ್ಪಡಿಸುವುದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾ ದಂಡಾಧಿಕಾರಿಯದು ಅಥವಾ ಅವರ ಪ್ರತಿನಿಧಿಯದು. ಕನಿಷ್ಠ 30 ದಿನ ಮೊದಲು ತಿಳಿಸಬೇಕು. ಹಾಜರಿದ್ದ ಪ್ರತಿಯೊಬ್ಬರಿಗೂ ಮಾಹಿತಿ, ಸ್ಪಷ್ಟನೆ ಕೇಳಲು ಅವಕಾಶ ಕೊಡಬೇಕು. ಇಡೀ ಸಭೆಯನ್ನು ಚಿತ್ರೀಕರಿಸಬೇಕು, ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕು.

ಆದರೆ ಸಭೆಗೆ ಕೋರಂ ಇಲ್ಲ. ಐದು ಜನ ಬಂದರೂ ಸಭೆಯೇ, ಐನೂರು ಜನ ಬಂದರೂ ಸಭೆಯೇ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಜನರನ್ನು ಕರೆಯುವ ಹೊತ್ತಿಗೆ ಕರಡು ವರದಿ ಸಿದ್ಧವಾಗಿರುತ್ತದೆ. ಯಾವುದನ್ನು ಅಧ್ಯಯನ ಮಾಡಬೇಕು ಎಂದು ತೀರ್ಮಾನಿಸುವ ಹಂತ ಮೊದಲೇ ಮುಗಿದಿರುತ್ತದೆ. ಬಹುತೇಕ ವರದಿಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಂಗ್ರಹಿಸುತ್ತಾರೆ. ಯಾವ ತೊರೆ ಬೇಸಿಗೆಯಲ್ಲಿ ಒಣಗಿ ಶ್ರಾವಣದಲ್ಲಿ ಉಕ್ಕುತ್ತದೆ, ಗುಡ್ಡದ ಯಾವ ಮಗ್ಗುಲಿನಿಂದ ಕೆರೆಗೆ ನೀರು ಬರುತ್ತದೆ ಎಂಬುದು ಊರಿನ ದನಗಾಹಿಗೆ ಗೊತ್ತು. ಅವನನ್ನು ಮೊದಲೇ ಕರೆದು ಕೇಳಿದ್ದರೆ ವರದಿಯೇ ಬೇರೆಯಾಗುತ್ತಿತ್ತು. ವರದಿ ಬರೆಯುವ ಸಲಹೆಗಾರರಿಗೆ ಹಣ ಕೊಡುವುದೂ ಗಣಿ ಕೇಳಿದ ಕಂಪನಿಯೇ. ಅವರೆಲ್ಲ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ನಾನೂ ಅದೇ ಹಣದಿಂದ ಸಂಭಾವನೆ ಪಡೆದವಳು.

ಮಂಡಳಿ ಈ ಎಲ್ಲ ಪ್ರಕ್ರಿಯೆಯನ್ನು 45 ದಿನಗಳಲ್ಲಿ ಮುಗಿಸಬೇಕು. 2015ರ ತಿದ್ದುಪಡಿಯ ನಂತರ ಕಬ್ಬಿಣದ ಅದಿರಿನಂಥ ಪ್ರಮುಖ ಖನಿಜಗಳ ಗುತ್ತಿಗೆಯ ಅವಧಿ 50 ವರ್ಷ. ಅರ್ಧ ಶತಮಾನದ ಅಗೆತದ ಬಗ್ಗೆ ಓದಿ, ಅರಿತು, ಮಾತು ಜೋಡಿಸಿಕೊಳ್ಳಲು ಊರಿಗೆ ಸಿಗುವುದು ಒಂದು ತಿಂಗಳು. ಅದೂ ಪತ್ರಿಕೆಯ ಒಳಪುಟದ ಪ್ರಕಟಣೆ ಯಾರ ಕಣ್ಣಿಗಾದರೂ ಬಿದ್ದರೆ.

ಭಾಷೆಯ ವಿಷಯ ಎತ್ತಿದರೆ ನನ್ನ ಕಸುಬಿನ ಅಭಿಮಾನ ಎನ್ನುತ್ತೀರಿ. ಇರಬಹುದು. 2020ರಲ್ಲಿ ಕೇಂದ್ರ ಸರ್ಕಾರ ಹೊಸ ಅಧಿಸೂಚನೆಯ ಕರಡು ತಂದಾಗ ಅದು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ಇತ್ತು. ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೆ ಅನುವಾದಿಸಿ ಎಂದು ಆ ವರ್ಷದ ಜೂನ್ 30ರಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಆ ಆದೇಶದ ವಿರುದ್ಧ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಜನರ ಅಭಿಪ್ರಾಯ ಕೇಳುವ ನಿಯಮದ ಬಗ್ಗೆ ಜನರ ಅಭಿಪ್ರಾಯ ಕೇಳುವಾಗಲೂ ಅವರ ಭಾಷೆಯಲ್ಲಿ ಕೇಳಲು ನ್ಯಾಯಾಲಯದ ಆದೇಶ ಬೇಕಾಯಿತು. ಅದೇ ಕರಡಿನಲ್ಲಿ ಆಲಿಕೆಯ 30 ದಿನಗಳ ಸೂಚನೆಯನ್ನು 20ಕ್ಕೆ ಇಳಿಸುವ ಪ್ರಸ್ತಾವವೂ ಇತ್ತು.

ಆಲಿಸುವುದು ಆಗದ ಕೆಲಸವೇನಲ್ಲ. ಕೆನಡಾದ ಉತ್ತರ ಭಾಗದಲ್ಲಿ ಅನಿಲ ಕೊಳವೆಮಾರ್ಗ ಹಾಕುವ ಯೋಜನೆ ಬಂದಾಗ, 1974ರಿಂದ 1977ರವರೆಗೆ ನ್ಯಾಯಮೂರ್ತಿ ಥಾಮಸ್ ಬರ್ಗರ್ ವಿಚಾರಣೆ ನಡೆಸಿದರು. ಅದು ಗಣಿಯಲ್ಲ, ಕೊಳವೆ. ಆದರೆ ಅವರು ಕೇಳಿದ ರೀತಿ ನೋಡಿ. ಜನರು ತಮ್ಮಲ್ಲಿಗೆ ಬರಲಿ ಎಂದು ಕಾಯದೆ 35 ಜನವಸತಿಗಳಿಗೆ ತಾವೇ ಹೋದರು. ಮೂಲನಿವಾಸಿಗಳು ತಮ್ಮ ಭಾಷೆಯಲ್ಲೇ ಮಾತನಾಡಿದರು. ಅಲ್ಲಿ ನಡೆದದ್ದು ಅವರ ಭಾಷೆಗಳಲ್ಲಿ ರೇಡಿಯೊದಲ್ಲಿ ಪ್ರಸಾರವಾಯಿತು. ತಮ್ಮದೇ ತಜ್ಞರನ್ನು ನೇಮಿಸಿಕೊಳ್ಳಲು ಊರಿನವರಿಗೆ, ಸಂಘಟನೆಗಳಿಗೆ ಹಣ ಒದಗಿಸಲಾಯಿತು. ಕೊನೆಗೆ ಬರ್ಗರ್, ಕೊಳವೆಮಾರ್ಗವನ್ನು ಹತ್ತು ವರ್ಷ ಮುಂದೂಡಿ ಎಂದು ಶಿಫಾರಸು ಮಾಡಿದರು. ಬೇಟೆಗಾರನ ಮಾತೂ ಎಂಜಿನಿಯರನ ಮಾತೂ ಅವರ ವರದಿಯಲ್ಲಿ ಸಾಕ್ಷ್ಯವಾಗಿಯೇ ದಾಖಲಾದವು.

ನಮ್ಮ ದೇಶದಲ್ಲೂ ಆಗಿದೆ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟಿನ ಒಂದೇ ಪೀಠ ಎರಡು ಗಣಿ ತೀರ್ಪುಗಳನ್ನು ಕೊಟ್ಟಿತು. ಒಂದು ಒಡಿಶಾದ ನಿಯಮಗಿರಿಯದು: ಬಾಕ್ಸೈಟ್ ಗಣಿಯ ವಿಷಯದಲ್ಲಿ ಗ್ರಾಮಸಭೆಗಳನ್ನು ಕೇಳಿ ಎಂದಿತು. ಜಿಲ್ಲಾ ನ್ಯಾಯಾಧೀಶರ ಸಮಕ್ಷಮದಲ್ಲಿ 12 ಹಳ್ಳಿಗಳ ಸಭೆ ನಡೆಯಿತು, ಹನ್ನೆರಡೂ ಬೇಡವೆಂದವು. 2014ರ ಜನವರಿಯಲ್ಲಿ ಸಚಿವಾಲಯ ಅನುಮತಿ ನಿರಾಕರಿಸಿತು. ಇನ್ನೊಂದು ನಮ್ಮ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಅಕ್ರಮ ಗಣಿಗಳದು: ಅತಿ ಹೆಚ್ಚು ಅಕ್ರಮ ನಡೆದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಒಂದು ಕಡೆ ಅಗೆಯುವ ಮುಂಚೆ ಜನರನ್ನು ಕೇಳಿದರು, ಗುಡ್ಡ ಗುಡ್ಡವಾಗಿಯೇ ಉಳಿಯಿತು. ಇನ್ನೊಂದು ಕಡೆ ತೀರ್ಪು ಬರುವ ಹೊತ್ತಿಗೆ ಕೆಂಪು ಧೂಳು ಹೊಲಗಳ ಮೇಲೆ ಕುಳಿತು ವರ್ಷಗಳೇ ಆಗಿದ್ದವು.

ಇದನ್ನೆಲ್ಲ ಹೇಳಿದರೆ ಒಂದು ಮಾತು ಬರುತ್ತದೆ, ನಿನ್ನೆ ಪಕ್ಕದಲ್ಲಿ ಕುಳಿತವರೊಬ್ಬರು ಹೇಳಿಯೂ ಹೇಳಿದರು. ಸಭೆಗಳಿಗೆ ಎರಡೂ ಕಡೆಯವರು ಲಾರಿಗಳಲ್ಲಿ ಜನರನ್ನು ತುಂಬಿಸಿಕೊಂಡು ಬರುತ್ತಾರೆ, ಕೂಗಾಟವಾಗುತ್ತದೆ, ಭೂವಿಜ್ಞಾನ ಕೈಯೆತ್ತಿ ತೀರ್ಮಾನಿಸುವ ವಿಷಯವಲ್ಲ ಎಂದು. ಕೂಗಾಟವನ್ನು ನಾನೂ ಕಂಡಿದ್ದೇನೆ. ಆದರೆ ಅಜ್ಜಿ ಕೈಯೆತ್ತಿಸಿ ತೀರ್ಮಾನಿಸಿ ಎನ್ನಲಿಲ್ಲ. ಅವರು ಕೇಳಿದ್ದು ಭೂವಿಜ್ಞಾನದ ಪ್ರಶ್ನೆ, ವಿಜ್ಞಾನ ಬಲ್ಲವರಿಂದಲೇ ಉತ್ತರ ಬಯಸಿದರು. ಉತ್ತರ ಕೊಡಲಾರದೆ ಟ್ಯಾಂಕಿನ ಹಿಂದೆ ಅವಿತುಕೊಂಡದ್ದು ವೇದಿಕೆ. ಜನರ ಆಕ್ಷೇಪಗಳನ್ನು ತಜ್ಞರ ಸಮಿತಿ ನಿಜವಾಗಿ ಪರಿಗಣಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು ಎಂದು ದೆಹಲಿ ಹೈಕೋರ್ಟ್ ಗೋವಾದ ಒಂದು ಗಣಿ ಪ್ರಕರಣದಲ್ಲಿ 2009ರಲ್ಲೇ ಹೇಳಿದೆ. ಆದರೆ ಆಕ್ಷೇಪವೇ ಟ್ಯಾಂಕಾಗಿ ಬದಲಾಗಿ ಹೋದರೆ ಸಮಿತಿ ಯಾವುದಕ್ಕೆ ಕಾರಣ ಕೊಟ್ಟೀತು?

ಈಗ ಆಲಿಕೆಯನ್ನೇ ಕೈಬಿಡುವ ದಾರಿ ಹಿಡಿದಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಪರಮಾಣು ಖನಿಜಗಳಿಗೂ, ನಿರ್ಣಾಯಕ ಮತ್ತು ಆಯಕಟ್ಟಿನ ಖನಿಜಗಳೆಂದು ಪಟ್ಟಿ ಮಾಡಿದವುಗಳಿಗೂ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದ್ದಾರೆ. ದೇಶದ ಭದ್ರತೆ, ತುರ್ತು ಅಗತ್ಯ ಎಂಬ ಕಾರಣಗಳಿವೆ. ಗುಂಡಿಯಿಂದ ಬರುವುದು ಲಿಥಿಯಂ ಆದರೇನು, ಕಬ್ಬಿಣವಾದರೇನು, ನೀರು ಹರಿಯುವುದು ತಗ್ಗಿನ ಕಡೆಗೇ. ಅಲ್ಲಿನ ಅಜ್ಜಿಯರಿಗೆ ಮೈಕು ಕೂಡ ಸಿಗುವುದಿಲ್ಲ. ನಿನ್ನೆಯ ಸಭೆ ನನಗೆ ಇಷ್ಟು ಸಿಟ್ಟು ತರಿಸಿದರೂ ಅದು ಇರಲೇಬೇಕು ಎಂದು ಹಟ ಹಿಡಿಯುವುದು ಇದಕ್ಕೇ. ಅಲ್ಲಿ ಪ್ರಶ್ನೆಯನ್ನು ತಿರುಚಿದರು, ನಿಜ. ಆದರೆ ಕೇಳಿದ ಪ್ರಶ್ನೆ ಕ್ಯಾಮೆರಾದಲ್ಲಿ ಉಳಿದಿದೆ.

ಸಾರಾಂಶ ಓದಿದ ಮೇಲೆ ನಾನು ಎದ್ದು ನಿಂತು, ಆ ವಾಕ್ಯ ತಪ್ಪು, ತಿದ್ದಿ ಎಂದೆ. ಪರಿಶೀಲಿಸುತ್ತೇವೆ ಎಂದರು. ಅಜ್ಜಿ ನನ್ನ ಹತ್ತಿರ ಬಂದು, "ಬರೆದುಕೊಂಡರಾ, ತಾಯಿ?" ಎಂದು ಕೇಳಿದರು. ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ.

ಬೆಳಿಗ್ಗೆ ಎದ್ದು ಆ ತಜ್ಞರ ಸಮಿತಿಗೆ ಒಂದು ಪತ್ರ ಬರೆದೆ. ಚಿತ್ರೀಕರಣದ ಯಾವ ಭಾಗದಲ್ಲಿ ಆ ಪ್ರಶ್ನೆ ಸಿಗುತ್ತದೆ ಎಂದು ಹೊತ್ತು ಸಮೇತ ತಿಳಿಸಿದ್ದೇನೆ. ಪ್ರಶ್ನೆಯನ್ನು ಅಜ್ಜಿ ಆಡಿದ ಮಾತುಗಳಲ್ಲೇ ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷ್ ಅನುವಾದ ಕೊಟ್ಟಿದ್ದೇನೆ. ಈ ಸಲ ಒಂದು ಪದವನ್ನೂ ಮೃದು ಮಾಡಿಲ್ಲ. ಸಭೆಯಲ್ಲಿದ್ದ ಹನ್ನೊಂದು ಜನ ಸಹಿ ಹಾಕಿದ್ದಾರೆ. ಮೊದಲ ಹೆಬ್ಬೆಟ್ಟು ಅಜ್ಜಿಯದು.