ಇಪ್ಪತ್ತು ಹೀಟಿಗೆ ಹರಳೆಣ್ಣೆ

“ಯಾರ ಮನೇಲೋ ಹರಳು ಕಾಯಿಸ್ತಿದ್ದಾರೆ ಕಣೇ,” ಅಂದಳು ಅಮ್ಮ.

ನಾವು ಕೂತಿದ್ದದ್ದು ಮ್ಯಾಂಚೆಸ್ಟರಿನ ಗಾರ್ಟನ್ ಕಡೆಯ, ಸ್ಪೀಡ್‌ವೇ ಎಂಬ ಬೈಕ್ ರೇಸಿನ ಕ್ರೀಡಾಂಗಣದಲ್ಲಿ. ಹತ್ತಿರದಲ್ಲಿ ಒಲೆ ಅಂತ ಇದ್ದದ್ದು ಆಲೂಗಡ್ಡೆ ಚಿಪ್ಸ್ ಕರಿಯುವ ಗಾಡಿಯಲ್ಲಿ ಮಾತ್ರ. ಅಮ್ಮ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ನನ್ನ ಗಂಡನ ಮಳೆಕೋಟು ಹೊದ್ದು, ಮೂಗನ್ನು ಮಾತ್ರ ಹೊರಗೆ ಬಿಟ್ಟುಕೊಂಡಿದ್ದಳು. ಆ ಮೂಗು ಸುಳ್ಳು ಹೇಳುವುದಿಲ್ಲ. ಹಿರಿಯೂರು ಕಡೆಯ ಹೊಲದ ಅಂಚಿನ ಹರಳನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು ಐವತ್ತು ವರ್ಷ ಪಳಗಿದ ಮೂಗು ಅದು. “ಬಾಣಂತಿ ಇರಬೇಕು ಪಾಪ,” ಅಂತ ಸೇರಿಸಿದಳು.

ಬಾಣಂತಿ ಇದ್ದದ್ದು ನಿಜ. ಅದು ನಾನು. ಮಗುವಿಗೆ ಮೂರು ತಿಂಗಳು ತುಂಬಿತ್ತು. ನನ್ನ ಬಾಣಂತನಕ್ಕೆಂದು ಬಂದ ಅಮ್ಮ ಸೂಟ್‌ಕೇಸಿನಲ್ಲಿ ಹರಳೆಣ್ಣೆಯ ಬಾಟಲಿಯನ್ನು ನಾಲ್ಕು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ಎರಡು ಸೀರೆಗಳ ನಡುವೆ ಮಲಗಿಸಿ ತಂದಿದ್ದಳು. ಅವತ್ತು ಮಗುವನ್ನು ಅದರ ಅಪ್ಪನ ವಶಕ್ಕೆ ಒಪ್ಪಿಸಿ ನಾವಿಬ್ಬರೂ ಹೊರಬಿದ್ದಿದ್ದೆವು. ಕರೆದುಕೊಂಡು ಬಂದವರು ಪಕ್ಕದ ಮನೆಯ ಅಜ್ಜ, ಅಜ್ಜಿ.

ಅಮ್ಮ ಹೇಳಿದ್ದನ್ನು ಅಜ್ಜನಿಗೆ ಇಂಗ್ಲಿಷಿನಲ್ಲಿ ಮುಟ್ಟಿಸಿದೆ. ಅವರು ನಕ್ಕು, ತಮ್ಮ ಮೂಗನ್ನೂ ಮೇಲೆತ್ತಿ ಒಂದು ಸಲ ಎಳೆದುಕೊಂಡರು. ಅಮ್ಮ ಹೇಳಿದ್ದು ಸರಿ, ಅದು ಹರಳೆಣ್ಣೆಯೇ ಅಂದರು. ಎಂಜಿನ್ನಿಗೆ ಹಾಕುವ ಎಣ್ಣೆ. ಕಾವಿಗೆ ಜಗ್ಗದ ಎಣ್ಣೆ ಅಂತ ರೇಸಿನವರು ಮೊದಲಿಂದ ನೆಚ್ಚಿಕೊಂಡದ್ದು. ನಮ್ಮೂರ ಪೆಟ್ರೋಲ್ ಬಂಕುಗಳಲ್ಲೆಲ್ಲ ನೇತಾಡುವ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ. ಇದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಲೋಕದ ಹರಳೆಣ್ಣೆಯ ಬಹುಪಾಲು ನಮ್ಮ ದೇಶದ್ದೇ, ಅದರಲ್ಲೂ ಗುಜರಾತಿನದು. ಅಂದಮೇಲೆ ಈ ಬಿಳಿಯರ ಊರಿನ ಹೊಗೆಯಲ್ಲಿ ನಮ್ಮ ಪಾಲೂ ಒಂದಿಷ್ಟು ಇದ್ದೀತು.

ಸ್ಪೀಡ್‌ವೇ ಕಂಡಿಲ್ಲದವರಿಗೆ ಎರಡು ಮಾತು. ಬೈಕಿಗೆ ಬ್ರೇಕಿಲ್ಲ. ಗೇರು ಒಂದೇ. ಎಂಜಿನ್ 500 ಸಿಸಿ, ಕುಡಿಯುವುದು ಮೆಥನಾಲ್. ಶೇಲ್ ಎನ್ನುವ ಜಲ್ಲಿಪುಡಿಯಂಥ ಮಣ್ಣು ಹಾಸಿದ ಮೊಟ್ಟೆಯಾಕಾರದ ದಾರಿಯಲ್ಲಿ ನಾಲ್ಕು ಜನ ನಾಲ್ಕು ಸುತ್ತು ಹಾಕುತ್ತಾರೆ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸಿ, ಮುಂದಿನ ಚಕ್ರವನ್ನು ಬಲಕ್ಕೆ ತಿರುಗಿಸಿ ಎಡಕ್ಕೆ ಹೋಗುತ್ತಾರೆ. ಹೇಗೆ ಅಂತ ಕೇಳಬೇಡಿ, ನಾನು ನೋಡಿದ್ದನ್ನು ಹೇಳುತ್ತಿದ್ದೇನೆ. ಎಡಗಾಲನ್ನು ನೆಲಕ್ಕೆ ಊರಿ ಎಳೆದುಕೊಂಡೇ ಹೋಗುವುದರಿಂದ ಆ ಬೂಟಿನಡಿಗೆ ಉಕ್ಕಿನ ಲಾಳ ಕಟ್ಟಿರುತ್ತದೆ. ಅಮ್ಮನಿಗೆ ಇದರಲ್ಲಿ ಯಾವುದೂ ತೊಡಕಾಗಲಿಲ್ಲ. ಬಂಡಿ ಎತ್ತಿಗೆ ಲಾಳ ಕಟ್ಟಿಸಿದ ಮನೆಯವಳು. ಅವಳಿಗೆ ಸರಿಬಾರದೆ ಇದ್ದದ್ದು ಒಂದೇ: “ಇದೇನೇ ಇವರು ಅಪ್ರದಕ್ಷಿಣೆ ಹಾಕ್ತಾರೆ!”

ನಿಜ, ಎಡಸುತ್ತೇ. ಎಲ್ಲ ಪಂದ್ಯಗಳಲ್ಲೂ, ಎಲ್ಲ ದೇಶಗಳಲ್ಲೂ. ಅಜ್ಜನಿಗೆ ಇದನ್ನು ಹೇಳಲು ಹೋಗಲಿಲ್ಲ. ಅರವತ್ತು ವರ್ಷ ಭಕ್ತಿಯಿಂದ ನೋಡಿದ್ದು ಅಪ್ರದಕ್ಷಿಣೆ ಅಂತ ಈ ವಯಸ್ಸಿನಲ್ಲಿ ಯಾಕೆ ಹೇಳಬೇಕು.

ಅಜ್ಜನ ಮನೆಯಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಅದರಲ್ಲಿ ಬಿಸ್ಕತ್ತು ಯಾವತ್ತೂ ಇರುವುದಿಲ್ಲ ಎಂದು ನನಗೆ ಗೊತ್ತಾದದ್ದು ಒಂದು ಚಹಾದ ಹೊತ್ತಿನಲ್ಲಿ. ಒಳಗಿರುವುದು ವಿಶ್ವ ಫೈನಲ್‌ಗಳ ಕಾರ್ಯಕ್ರಮ ಪುಸ್ತಿಕೆಗಳು. 1936ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಶುರುವಾದ ಪಂದ್ಯ ಇದು. ಮೊದಲು ಗೆದ್ದವನು ಆಸ್ಟ್ರೇಲಿಯಾದ ಲಯನೆಲ್ ವ್ಯಾನ್ ಪ್ರಾಗ್. ಯುದ್ಧ ಬಂದು ನಿಂತುಹೋಗಿ 1949ರಲ್ಲಿ ಮತ್ತೆ ಹೊತ್ತಿಕೊಂಡು, 1960ರವರೆಗೆ ಪ್ರತಿವರ್ಷವೂ ವೆಂಬ್ಲಿಯಲ್ಲೇ ನಡೆಯಿತು. ಆಮೇಲೆ ಸ್ವೀಡನ್ನಿನ ಗೋಥೆನ್‌ಬರ್ಗ್, ಪೋಲೆಂಡಿನ ಖೋಜುಫ್ ಅಂತ ಊರೂರು ಸುತ್ತಿತು. ಒಂದೇ ರಾತ್ರಿ. 16 ಜನ ಸವಾರರು, 20 ಹೀಟುಗಳು, ಅಂದರೆ ಓಟಗಳು. ಪ್ರತಿಯೊಬ್ಬನಿಗೂ ಐದು ಸಲ ಸರದಿ, ಆ ಐದರಲ್ಲೇ ಉಳಿದ ಹದಿನೈದು ಜನರನ್ನೂ ಒಂದೊಂದು ಸಲ ಎದುರಿಸಬೇಕು. ಗೆದ್ದವನಿಗೆ 3 ಅಂಕ, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಈ ಲೆಕ್ಕವನ್ನು ಅಜ್ಜ ಬೆರಳು ಮಡಿಸಿ ವಿವರಿಸುತ್ತಿದ್ದಾಗ ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಅಮ್ಮ ಹಿಡಿದುಕೊಂಡದ್ದು ಒಂದು ಪದವನ್ನು.

“ಇಪ್ಪತ್ತು ಹೀಟಾ? ಅದಕ್ಕೇ ಮತ್ತೆ ಹರಳೆಣ್ಣೆ ಹಾಕಿರೋದು.”

ಇದಕ್ಕೆ ಅನುವಾದ ಇಲ್ಲ. ಬೇಸಿಗೆಯಲ್ಲಿ ಕಣ್ಣುರಿ ಬಂದರೆ, ಬಾಯಲ್ಲಿ ಹುಣ್ಣೆದ್ದರೆ, ಪರೀಕ್ಷೆಯಲ್ಲಿ ನಪಾಸಾದರೆ ಕೂಡ “ಹೀಟ್ ಆಗಿದೆ, ನೆತ್ತಿಗೆ ಹರಳೆಣ್ಣೆ ಒತ್ತು” ಅನ್ನುವ ಜನ ನಾವು. ಅಜ್ಜನಿಗೆ ಅದನ್ನೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿಹೋಗಿತ್ತು.

ಆ ಪುಸ್ತಿಕೆಗಳ ಮಾತಿಗೆ ಬರೋಣ. ಪ್ರತಿ ಪುಟದಲ್ಲೂ ಚೌಕಗಳು, ಚೌಕಗಳಲ್ಲಿ ಪೆನ್ಸಿಲ್ಲಿನ ಅಂಕಿಗಳು. ಯಾರು ಮೊದಲು, ಯಾರು ಎರಡನೆಯವನು, ಯಾರು ಬಿದ್ದ, ಯಾರ ಎಂಜಿನ್ ಕೆಟ್ಟಿತು ಅಂತ ಅಭಿಮಾನಿಗಳು ಅಲ್ಲೇ ಕೂತು ಬರೆದುಕೊಳ್ಳುತ್ತಾರೆ. ಬರೆಯದೆ ನೋಡುವವನು ಅರ್ಧ ನೋಡಿದ ಹಾಗೆ ಅಂತ ಅವರ ನಂಬಿಕೆ. ಅಮ್ಮ ಅದನ್ನು ತಿರುವಿ ಹಾಕಿ, “ಮುಯ್ಯಿ ಪುಸ್ತಕ ಇದ್ದಂಗಿದೆ,” ಅಂದಳು. ಹೌದಲ್ಲ! ಮದುವೆಗೆ ಬಂದವರು ಎಷ್ಟು ಓದಿಸಿದರು ಅಂತ ಚಪ್ಪರದ ಬಾಗಿಲಲ್ಲಿ ಕೂತು ಬರೆಯುವ ಪುಸ್ತಕದ್ದೇ ಗತ್ತು. ಊಟ ಮರೆತುಹೋಗುತ್ತದೆ, ಮದುಮಗಳ ಸೀರೆಯ ಬಣ್ಣ ಮರೆತುಹೋಗುತ್ತದೆ, ಯಾರು ಹನ್ನೊಂದು ರೂಪಾಯಿ ಬರೆಸಿ ಹೋದರು ಅನ್ನುವುದು ಮೂರು ತಲೆಮಾರು ಉಳಿಯುತ್ತದೆ.

ನಾನು ಒಂದು ಲೆಕ್ಕ ಹಾಕಿದೆ. ಒಂದು ಹೀಟು ಹೆಚ್ಚೆಂದರೆ ಒಂದು ನಿಮಿಷ, ಅದರ ಮೇಲೆ ಕೆಲವು ಸೆಕೆಂಡು. ಇಪ್ಪತ್ತು ಹೀಟೂ ಸೇರಿದರೆ ಇಪ್ಪತ್ತು ಚಿಲ್ಲರೆ ನಿಮಿಷ. ಉಳಿದ ಹೊತ್ತೆಲ್ಲ ಟ್ರ್ಯಾಕ್ಟರ್ ಬಂದು ಮಣ್ಣು ಸಮ ಮಾಡುವುದು, ಸವಾರರು ಗೇಟಿನ ಮುಂದೆ ಕಾಲಲ್ಲಿ ನೆಲ ಕೆದಕುವುದು, ಚಿಪ್ಸು, ಸಾಲು, ಶೌಚಾಲಯ, ಮತ್ತೆ ಸಾಲು. ಈ ಇಪ್ಪತ್ತು ನಿಮಿಷಕ್ಕಾಗಿ ಅಜ್ಜ ಮ್ಯಾಂಚೆಸ್ಟರಿನಿಂದ ವೆಂಬ್ಲಿಗೆ ಬೆಳಗ್ಗೆಯೇ ಬಸ್ಸು ಹತ್ತಿದವರು. 1976ರಲ್ಲಂತೂ ಖೋಜುಫ್‌ವರೆಗೆ ಹೋಗಿಬಂದರು. ಆ ಸಲ ಗೆದ್ದದ್ದು ಅವರದೇ ಊರಿನ ಬೆಲ್ ವ್ಯೂ ತಂಡದ ಹುಡುಗ ಪೀಟರ್ ಕಾಲಿನ್ಸ್. ಅಜ್ಜ ಹೇಳುವಾಗ ಕಾಲಿನ್ಸ್ ಒಂದೊಂದು ತಿರುವನ್ನು ಹೇಗೆ ಹೊಕ್ಕ, ಹೇಗೆ ಹೊರಟ ಎಲ್ಲವೂ ಬರುತ್ತದೆ. ಅಜ್ಜಿ ಪಕ್ಕದಲ್ಲಿ ಹೆಣಿಗೆ ಹಾಕುತ್ತ, ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರು ವಾಂತಿ ಮಾಡಿಕೊಂಡರು, ಗಡಿಯಲ್ಲಿ ಎಷ್ಟು ಹೊತ್ತು ನಿಲ್ಲಿಸಿದರು, ಮೊಟ್ಟೆಯ ಸ್ಯಾಂಡ್‌ವಿಚ್ ಯಾವ ದೇಶದಲ್ಲಿ ಹಳಸಿತು ಎನ್ನುತ್ತಾರೆ. ಇಬ್ಬರೂ ಒಂದೇ ಫೈನಲ್ ನೋಡಿದವರು. ನನಗೆ ಕೇಳಿದರೆ ಅಜ್ಜಿಯದೇ ಪೂರ್ತಿ ವರದಿ.

ಮರುವರ್ಷ ಗೋಥೆನ್‌ಬರ್ಗ್‌ನಲ್ಲಿ ಅದೇ ಕಾಲಿನ್ಸ್ ಮುರಿದ ಕಾಲಿನಲ್ಲೇ ಓಡಿಸಿ ಎರಡನೆಯವನಾದ. ಮೊದಲು ಬಂದವನು ನ್ಯೂಜಿಲೆಂಡಿನ ಐವನ್ ಮಾಗರ್. “ಕಾಲೊಂದು ನೆಟ್ಟಗಿದ್ದಿದ್ದರೆ” ಎಂದು ಅಜ್ಜ ಇವತ್ತಿಗೂ ಆ ವಾಕ್ಯವನ್ನು ಮುಗಿಸುವುದಿಲ್ಲ. ಹಾಗಂತ ಮಾಗರ್ ಮೇಲೆ ಸಿಟ್ಟೂ ಇಲ್ಲ. ಅವನೂ ಒಂದು ಕಾಲಕ್ಕೆ ಬೆಲ್ ವ್ಯೂ ಪರವಾಗಿ ಓಡಿಸಿದವನೇ. ಹದಿಹರೆಯದಲ್ಲೇ ಮದುವೆಯಾಗಿ, ಹೆಂಡತಿಯೊಂದಿಗೆ ಲಂಡನ್ನಿಗೆ ಬಂದು, ಕೈಹತ್ತದೆ ಊರಿಗೆ ಮರಳಿ, ಮತ್ತೆ ಬಂದು, 1968, 69, 70 ಅಂತ ಮೂರು ವರ್ಷ ಒಂದರ ಹಿಂದೊಂದು ಗೆದ್ದ. ಆ ಮೂರನೇ ಗೆಲುವಿಗೆ ಅಮೆರಿಕದ ಇಬ್ಬರು ಅಭಿಮಾನಿಗಳು ಅವನ ಬೈಕಿಗೆ ಚಿನ್ನದ ನೀರು ಹಾಕಿಸಿದರು. ಅದು ಈಗ ಕ್ರೈಸ್ಟ್‌ಚರ್ಚಿನ ವಸ್ತುಸಂಗ್ರಹಾಲಯದ ಆಸ್ತಿ. ಒಟ್ಟು ಆರು ಪಟ್ಟ, ಕೊನೆಯದು 1979ರಲ್ಲಿ. ಚಿನ್ನದ ಬೈಕಿನ ಸಂಗತಿ ಅಮ್ಮನಿಗೆ ಬಹಳ ಹಿಡಿಸಿತು. ದೇವರ ಉತ್ಸವಮೂರ್ತಿಗೆ ಕವಚ ಮಾಡಿಸಿದ ಹಾಗೆ ಅಂತ ಒಪ್ಪಿಕೊಂಡಳು. ಎಷ್ಟು ತೊಲ ಬಿತ್ತು ಅಂತಲೂ ಕೇಳಿದಳು.

ಅಜ್ಜ ಸುಲಭಕ್ಕೆ ಬಾಯಿ ಬಿಡದ ಹೆಸರು ಪೀಟರ್ ಕ್ರೇವನ್. ಪುಟ್ಟ ಆಳು, ಲಿವರ್‌ಪೂಲಿನವನು, ಬೆಲ್ ವ್ಯೂ ಸವಾರ. 1955ರಲ್ಲೂ 1962ರಲ್ಲೂ ವೆಂಬ್ಲಿಯಲ್ಲಿ ಗೆದ್ದ. ಅಜ್ಜನನ್ನು ಅವರಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದು ಇವನನ್ನೇ. 1963ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೋದಲ್ಲಿ, ಮುಂದೆ ಬಿದ್ದ ಸವಾರನನ್ನು ತಪ್ಪಿಸಲು ಹೋಗಿ ಬೇಲಿಗೆ ಬಡಿದ. ನಾಲ್ಕು ದಿನ ಬದುಕಿದ್ದ. ಅಜ್ಜ ಇದನ್ನು ಹೇಳಿದ್ದು ಒಂದೇ ಸಲ. ಬ್ರೇಕಿಲ್ಲದ ಆಟ ಅಂದರೆ ಏನು ಎಂದು ನನಗೆ ಅರ್ಥವಾದದ್ದು ಆಗ. ಅಂದು ಸಂಜೆ ಡಬ್ಬಿಯ ಮುಚ್ಚಳ ಬೇಗ ಬಿತ್ತು.

ಡಬ್ಬಿಯ ತಳದಲ್ಲಿ ತೀರ ಸವೆದಿರುವುದು 1981ರದ್ದು. ಸೆಪ್ಟೆಂಬರ್ 5, ವೆಂಬ್ಲಿ. ಅಲ್ಲಿ ನಡೆದ ಕೊನೆಯ ವಿಶ್ವ ಫೈನಲ್ ಅದು. ತೊಂಬತ್ತು ಸಾವಿರ ದಾಟಿದ ಜನ. ಕೊರಳಿಗೆ ತಂಡದ ಬಣ್ಣದ ಸ್ಕಾರ್ಫ್, ಕೈಯಲ್ಲಿ ಗರಗರ ತಿರುಗಿಸುವ ಮರದ ಗಿಲಕಿ. ಅಮೆರಿಕದ ಬ್ರೂಸ್ ಪೆನ್‌ಹಾಲ್ ಒಂದು ಹೀಟಿನಲ್ಲಿ ಓಲೆ ಓಲ್ಸನ್‌ನನ್ನು, ಇನ್ನೊಂದರಲ್ಲಿ ಟಾಮಿ ಕ್ನುಡ್ಸನ್‌ನನ್ನು ಗೆರೆಯ ಹತ್ತಿರ ಬಂದಾಗ ಹಿಂದೆ ಹಾಕಿದ. ಇಬ್ಬರೂ ಡೆನ್ಮಾರ್ಕಿನವರು. ಇಬ್ಬರಿಗೂ ತಪ್ಪಿದ್ದು ಕೂದಲೆಳೆಯಲ್ಲಿ. ಅಜ್ಜ ಇದನ್ನು ಹೇಳುವಾಗ ಸೋಫಾದ ಮೇಲೆ ಎಡಕ್ಕೆ ವಾಲುತ್ತಾರೆ, ಎಡಗಾಲು ಚಾಚುತ್ತಾರೆ, ಅಜ್ಜಿ ಚಹಾದ ಲೋಟಗಳನ್ನು ದೂರ ಸರಿಸುತ್ತಾರೆ. ಪೆನ್‌ಹಾಲ್ ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಗೆದ್ದು, ಪದಕದ ಕಟ್ಟೆಯ ಮೇಲಿಂದಲೇ ನಿವೃತ್ತಿ ಸಾರಿ, ಟಿವಿ ಧಾರಾವಾಹಿಯಲ್ಲಿ ಪೊಲೀಸನ ಪಾತ್ರ ಮಾಡಲು ಹೋದ. ಅಜ್ಜ ಇದನ್ನು ಇನ್ನೂ ಕ್ಷಮಿಸಿಲ್ಲ.

ಒಂದು ಸಲ ಅವರ ವರ್ಣನೆ ಕೇಳಿ, ಫೋನಿನಲ್ಲಿ ಆ ರೇಸನ್ನು ಹುಡುಕಿ ಅವರ ಮುಂದೆ ಹಿಡಿದೆ. ಪುಟ್ಟ ಪರದೆಯಲ್ಲಿ ಮಸುಕು ಬೈಕುಗಳು ಸುತ್ತಿ ಬಂದವು, ಗೆದ್ದವನು ಗೆದ್ದ. ಅಜ್ಜ ಪೂರ್ತಿ ನೋಡಿ ಫೋನನ್ನು ವಾಪಸು ಕೊಟ್ಟರು. “ಅಲ್ಲಿ ಇದಕ್ಕಿಂತ ಹತ್ತಿರ ಇತ್ತು,” ಅಂದರು. ಕ್ಯಾಮೆರಾ ಇದ್ದದ್ದು ತಪ್ಪು ಜಾಗದಲ್ಲಂತೆ. ತೊಂಬತ್ತು ಸಾವಿರ ಜನರಲ್ಲಿ ಇವರು ನಿಂತಿದ್ದ ಜಾಗ ಒಂದೇ ಸರಿ ಇದ್ದದ್ದು.

1995ರಿಂದ ಈ ಒಂದೇ ರಾತ್ರಿಯ ಫೈನಲ್ ನಿಂತುಹೋಯಿತು. ಈಗ ಗ್ರ್ಯಾನ್ ಪ್ರಿ ಅಂತ ವರ್ಷವಿಡೀ ಬೇರೆ ಬೇರೆ ಊರಿನಲ್ಲಿ ಓಡಿಸಿ ಅಂಕ ಕೂಡುತ್ತಾರೆ. ನ್ಯಾಯವಾಗಿ ಯೋಚಿಸಿದರೆ ಇದೇ ಸರಿ. ಒಂದು ರಾತ್ರಿ ಎಂಜಿನ್ ಕೆಮ್ಮಿತು ಅಂತ ಒಬ್ಬನ ವರ್ಷವೇ ಯಾಕೆ ಹಾಳಾಗಬೇಕು? ಆದರೂ ನನ್ನ ಮತ ಹಳೆಯದಕ್ಕೇ. 1973ರಲ್ಲಿ ಖೋಜುಫ್‌ನಲ್ಲಿ, ಲಕ್ಷ ಮೀರಿದ ಪೋಲಿಷ್ ಜನರ ಎದುರು, ಯೆಜಿ ಶ್ಚಾಕೆಲ್ ಎಂಬ ಮನೆಹುಡುಗ ಮಹಾರಥಿ ಮಾಗರ್ ಜೊತೆ ಸಮ ಅಂಕ ಗಳಿಸಿದ. ಅವರಿಬ್ಬರಿಗೇ ಒಂದು ಹೆಚ್ಚುವರಿ ಓಟ. ಮುಂದಿದ್ದ ಶ್ಚಾಕೆಲ್‌ನನ್ನು ದಾಟಲು ಹೋಗಿ ಮಾಗರ್ ಬಿದ್ದ. ಪೋಲೆಂಡಿಗೆ ಮೊದಲ ವೈಯಕ್ತಿಕ ವಿಶ್ವಪಟ್ಟ. ಶ್ಚಾಕೆಲ್ ಮತ್ತೆಂದೂ ಆ ಕಟ್ಟೆ ಹತ್ತಲಿಲ್ಲ. ವರ್ಷವಿಡೀ ಅಂಕ ಕೂಡಿದ್ದರೆ ಅವನ ಹೆಸರು ಎಲ್ಲಿರುತ್ತಿತ್ತೋ. ಕೂಡಲಿಲ್ಲ. ಆ ಲಕ್ಷ ಜನರೂ ಮನೆಗೆ ಹೋಗಿ ಮಕ್ಕಳನ್ನು ಎಬ್ಬಿಸಿ ಹೇಳಿರಬೇಕು.

ವೆಂಬ್ಲಿಯ ಹಳೆಯ ಕ್ರೀಡಾಂಗಣವನ್ನು, ಅದರ ಜೋಡಿ ಗೋಪುರ ಸಮೇತ, ಈ ಶತಮಾನದ ಶುರುವಿನಲ್ಲೇ ಕೆಡವಿದರು. ಬೆಲ್ ವ್ಯೂನ ಹಳೆಯ ಹೈಡ್ ರೋಡ್ ಟ್ರ್ಯಾಕ್ ಅದಕ್ಕೂ ಮುಂಚೆ, 1987ರಲ್ಲೇ ಮುಚ್ಚಿತ್ತು. ನಾವು ಕೂತಿದ್ದ ಗಾರ್ಟನ್ನಿನದು 2016ರಲ್ಲಿ ತೆರೆದ ಹೊಸದು. ಸೀಟು ಮೆತ್ತಗೆ, ಶೌಚಾಲಯ ಚೊಕ್ಕಟ, ಅಜ್ಜಿ ಸಂತುಷ್ಟ. ಅಜ್ಜ ಮಾತ್ರ ಪ್ರತಿ ಹೀಟು ಮುಗಿದಾಗಲೂ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು. ಅಮ್ಮನೂ ಎಳೆದುಕೊಂಡಳು. ಆ ಕ್ಷಣ ಒಬ್ಬರು ವೆಂಬ್ಲಿಯಲ್ಲಿದ್ದರು, ಒಬ್ಬಳು ನಮ್ಮ ಹಿತ್ತಲಿನ ಮೂರು ಕಲ್ಲಿನ ಒಲೆಯ ಮುಂದೆ. ನಡುವೆ ಕೂತ ನನ್ನ ಮುಖಕ್ಕೆ ತಿರುವಿನಿಂದ ಎಗರಿದ ಒಂದು ಹಿಡಿ ಶೇಲ್ ಬಂದು ಬಡಿಯಿತು.

ಅಮ್ಮ ಊರಿಗೆ ಹೋಗಿ ಎರಡು ತಿಂಗಳಾಗಿತ್ತು. ಒಂದು ಭಾನುವಾರ ಫೋನು ಮಾಡಿ ಮಗುವಿನ ಕೆಮ್ಮು, ನನ್ನ ಕೂದಲು, ಅಳಿಯಂದಿರ ಊಟ ಎಲ್ಲ ವಿಚಾರಿಸಿಯಾದ ಮೇಲೆ ದನಿ ತಗ್ಗಿಸಿ, “ಆ ಯಜಮಾನರಿಗೆ ಒಂದು ಮಾತು ಹೇಳು,” ಅಂದಳು. “ಎದುರುಮನೆ ಹುಡುಗಿ ಹೆರಿಗೆಗೆ ಬಂದಿದಾಳೆ. ಬೆಳಗ್ಗೆಯಿಂದ ಬೈಕ್ ಬಿಡ್ತಾ ಇದಾರೆ ಅಂತ ಹೇಳು.”

ಹೋಗಿ ಹೇಳಿದೆ. ಅಜ್ಜ ಒಂದು ಕ್ಷಣ ಕಣ್ಣು ಕಿರಿದು ಮಾಡಿ, ಆಮೇಲೆ ಅರ್ಥವಾಗಿ, ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡರು.

“ಈಗ ಎಷ್ಟನೇ ಹೀಟು?”