ರ‍್ಯಾಂಪ್ ಇಲ್ಲದಿದ್ದರೆ ಟ್ರೇಡ್ ಲೈಸೆನ್ಸ್ ತಡೆಹಿಡಿಯಬೇಕೇ?

ಪರ

ನಮ್ಮ ಊರುಗಳ ಕಲ್ಯಾಣ ಮಂಟಪಗಳನ್ನೇ ನೋಡಿ. ಮುಹೂರ್ತ ಮೇಲಿನ ಹಾಲ್‌ನಲ್ಲಿ, ಊಟ ನೆಲಮಾಳಿಗೆಯಲ್ಲಿ, ನಡುವೆ ಇಪ್ಪತ್ತು ಮೆಟ್ಟಿಲು. ವೀಲ್‌ಚೇರ್‌ನಲ್ಲಿ ಬಂದ ಸೋದರತ್ತೆಯನ್ನು ನಾಲ್ವರು ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಅಕ್ಷತೆ ಹಾಕಿಸುತ್ತಾರೆ. ಊಟದ ಹೊತ್ತಿಗೆ ಆ ನಾಲ್ವರು ಬಡಿಸುವುದರಲ್ಲಿರುತ್ತಾರೆ. “ನೀವಿಲ್ಲೇ ಇರಿ ಅತ್ತೆ, ತಂದುಕೊಡ್ತೀವಿ” ಅಂತ ತಟ್ಟೆಯೊಂದು ಮೇಲೆ ಬರುತ್ತದೆ. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂರುವುದು ಅವರಿಗಿಲ್ಲ. ಮುಂದಿನ ಮದುವೆಗೆ ಅವರೇ “ನಾನು ಬರಲ್ಲ, ನಿಮಗ್ಯಾಕೆ ತೊಂದರೆ” ಅನ್ನುತ್ತಾರೆ. ಕೊನೆಗೆ ಮಂಟಪದವರ ಉತ್ತರ: “ನಮ್ಮಲ್ಲಿಗೆ ಅಂಥವರು ಯಾರೂ ಬರಲ್ಲ ಸಾರ್.”

ಕಾನೂನಿಗೇನೂ ಕೊರತೆಯಿಲ್ಲ. ಜನ ಬಳಸುವ ಕಟ್ಟಡ ಖಾಸಗಿಯಾದರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ನಿಯಮ 2017ರ ಜೂನ್‌ನಲ್ಲಿ ಬಂತು. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷ 2022ಕ್ಕೇ ಮುಗಿಯಿತು. ತಪ್ಪಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ. ಮಂಟಪದ ಹೂವಿನ ಅಲಂಕಾರಕ್ಕೂ ಅದು ಸಾಲದು! ಬರೀ ಮಾರ್ಗಸೂಚಿ ಸಾಲದು, ಕಡ್ಡಾಯ ಮಾನದಂಡ ಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಲೈಸೆನ್ಸ್ ನವೀಕರಣಕ್ಕೆ ಮಾಲೀಕರು ತಾವಾಗಿಯೇ ಪಾಲಿಕೆಗೆ ಬರುತ್ತಾರೆ. ಹಿಡಿಯುವುದಾದರೆ ಅಲ್ಲೇ ಹಿಡಿಯಬೇಕು.

ವಿರೋಧ

ಮಂಟಪದ ಮಾಲೀಕರಿಗೆ ಹೇಳಿದ್ದನ್ನೇ ಹತ್ತಡಿ ಅಗಲದ ದಿನಸಿ ಅಂಗಡಿಯವರಿಗೂ ಹೇಳಲಾದೀತೇ? ರ‍್ಯಾಂಪ್‌ನ ಲೆಕ್ಕ 1:12. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಬಜಾರ್ ಬೀದಿಯಲ್ಲಿ ಚರಂಡಿ ಮೇಲೆ ಕಲ್ಲು ಚಪ್ಪಡಿ, ಅದರ ಮೇಲೆ ಎರಡು ಮೆಟ್ಟಿಲು. ಮಳೆನೀರು ಒಳಗೆ ನುಗ್ಗದಿರಲೆಂದೇ ಅಷ್ಟು ಎತ್ತರಿಸಿದ್ದು. ಹನ್ನೆರಡು ಅಡಿ ಹೊರಕ್ಕೆ ಚಾಚಿದರೆ ಒತ್ತುವರಿಯೆಂದು ಅದೇ ಪಾಲಿಕೆಯ ಜೆಸಿಬಿ ಬಂದು ಒಡೆಯುತ್ತದೆ. ಒಳಕ್ಕೆ ತೆಗೆದುಕೊಂಡರೆ ಅಂಗಡಿಯೇ ಉಳಿಯುವುದಿಲ್ಲ. ಎಷ್ಟೋ ಕಡೆ ಮಳಿಗೆ ಬಾಡಿಗೆಯದು. ಮೆಟ್ಟಿಲು ಒಡೆಸಲು ಓನರ್ ಒಪ್ಪಬೇಕು, ಲೈಸೆನ್ಸ್ ಹೋಗುವುದು ಮಾತ್ರ ಬಾಡಿಗೆದಾರರದು.

ಆಗ ಮೆಟ್ಟಿಲ ಮೇಲೆ ಸಿಮೆಂಟ್ ಮೆತ್ತಿ, ಕಡಿದಾದ ಇಳಿಜಾರು ಮಾಡಿ, ಫೋಟೊ ತೆಗೆದು ಅರ್ಜಿಗೆ ಲಗತ್ತಿಸುತ್ತಾರೆ. ಅದರಲ್ಲಿ ವೀಲ್‌ಚೇರ್ ಇಳಿಸಿದವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಆ ರ‍್ಯಾಂಪ್‌ನಿಂದ ಆಗುವುದೂ ಏನಿಲ್ಲ.

ಅಷ್ಟಕ್ಕೂ ವೀಲ್‌ಚೇರ್ ಅಂಗಡಿ ಮುಂದಕ್ಕೆ ಬರುವುದಾದರೂ ಹೇಗೆ? ಫುಟ್‌ಪಾತ್ ನಡುವೆಯೇ ಟ್ರಾನ್ಸ್‌ಫಾರ್ಮರ್, ಬೈಕ್ ಹತ್ತದಿರಲೆಂದು ಒತ್ತೊತ್ತಾಗಿ ನೆಟ್ಟ ಕಂಬಗಳು. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ಶೇ 5ರಷ್ಟು ಅನುದಾನ ಮೀಸಲಿಡುತ್ತವಲ್ಲ, ಅದರ ಒಂದು ಪಾಲಿನಲ್ಲಿ ಫುಟ್‌ಪಾತನ್ನೇ ಅಂಗಡಿಗಳ ಮಟ್ಟಕ್ಕೆ ತಂದು ಬೀದಿಯ ಎರಡೂ ಕೊನೆಯಲ್ಲಿ ಇಳಿಜಾರು ಮಾಡಲಿ. ಒಂದೇ ಕೆಲಸಕ್ಕೆ ಇಡೀ ಸಾಲಿನ ಮೆಟ್ಟಿಲುಗಳು ಹೋಗುತ್ತವೆ. ಅಲ್ಲಿಯವರೆಗೆ ಸಣ್ಣ ಅಂಗಡಿಯವರು ಬಾಗಿಲಲ್ಲಿ ಕೈಗೆಟಕುವಂತೆ ಒಂದು ಕರೆಗಂಟೆ ಹಾಕಿ, ಕರೆದಾಗ ಹೊರಗೆ ಬಂದು ಸಾಮಾನು ಕೊಡಲಿ. ಮಂಟಪ, ಮಾಲ್, ನರ್ಸಿಂಗ್ ಹೋಮ್‌ಗಳಿಗೆ ಕಾಯ್ದೆಯ ದಂಡವನ್ನೇ ಬಿಡದೆ ಹಾಕಲಿ. ಮೊದಲ ಸಲದ್ದು ಹಗುರ, ನಿಜ. ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ಇದೆ.